ಮುನ್ನೂರ ಎಪ್ಪತ್ತು

ಬೆಂಕಿಯ ಜ್ವರ ನೋಡುವುದು ನನ್ನ ಕೆಲಸ.
ಸೊಹಾರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ
ಒಂಬೈನೂರ ಅರವತ್ತು ಡಿಗ್ರಿಯ ಕುದಿಯೊಳಗೆ
ಕಡ್ಡಿ ಅದ್ದಿ, ಅಂಕಿ ಬರೆದು, ಸಹಿ ಹಾಕಿ
ಸಂಜೆ ಮನೆಗೆ ಬಂದರೆ
ತಾರಸಿಯ ಮೇಲೆ ಮೊಣಕಾಲೆತ್ತರದ ಪಿಂಗಾಣಿ ಒಲೆ
ನೂರ ಎಂಬತ್ತು ದಾಟಲೊಲ್ಲೆನೆಂದು ಕೂತಿರುತ್ತದೆ.

ಗುತ್ತಿಗೆ ಮುಗಿಸಿ ಹೊರಟ ಡಚ್ ಎಂಜಿನಿಯರನಿಂದ
ಹನ್ನೆರಡು ರಿಯಾಲಿಗೆ ಕೊಂಡದ್ದು.
ಹಸಿರು ಬಣ್ಣ, ದಪ್ಪ ಗೋಡೆ, ತುಂಬಿದ ಬಸಿರಿನ ಆಕಾರ,
ನೆತ್ತಿಗೊಂದು ತಿರುಗುವ ಟೋಪಿ, ಬುಡಕ್ಕೊಂದು ಜಾರುಬಾಗಿಲು.
ಮಹಾನಂದಾ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ನೋಡಿದಳು,
ಏನೂ ಅನ್ನಲಿಲ್ಲ.
ಅದೇ ಹೆಚ್ಚು ಸುಟ್ಟಿತು.

ಮಗಳು ತನ್ಮಯಿ ಕೇಳಿದ್ದು ಒಂದೇ:
ಅಂಚಿನಲ್ಲಿ ಕರಿ ಚುಕ್ಕೆ ಬಿದ್ದ ಪಿಜ್ಜಾ, ಅಂಗಡಿಯದರಂಥದು.
ನೂರ ಎಂಬತ್ತಕ್ಕೆ ಹಿಟ್ಟು ಬೇಯುತ್ತದೆ,
ಚುಕ್ಕೆ ಬೀಳುವುದಿಲ್ಲ.
ಮೂರು ಶುಕ್ರವಾರ ನಮ್ಮದು ಹೊರಬಂದದ್ದು
ಬಿಳಿಚಿಕೊಂಡು, ಆಗಷ್ಟೇ ಜ್ವರ ಬಿಟ್ಟ ಮಗುವಿನಂತೆ.

ಇದ್ದಿಲು ಇನ್ನಷ್ಟು ಸುರಿದೆ. ನೂರ ತೊಂಬತ್ತು.
ಟೋಪಿಯನ್ನೇ ಕಿತ್ತಿಟ್ಟೆ. ನೂರ ಎಂಬತ್ತೈದು.
ಮುಳ್ಳೇ ಸುಳ್ಳು ಹೇಳುತ್ತಿರಬೇಕೆಂದು
ಕೆಲಸದ ತಂತಿಯನ್ನು ಎರವಲು ತಂದು ಇಳಿಬಿಟ್ಟೆ.
ನೂರ ಎಪ್ಪತ್ತೆಂಟು.
ಮುಳ್ಳು ನನ್ನ ಮೇಲೆ ಮರುಕಪಟ್ಟು ಎರಡು ಡಿಗ್ರಿ
ಜಾಸ್ತಿಯೇ ತೋರಿಸುತ್ತಿತ್ತು.

ಸಂತೆಯ ಬಲೂಚಿ ಮುದುಕ ದಾದ್ ಕರೀಂ
ನನ್ನ ಚೀಲಕ್ಕೆ ಕೈಹಾಕಿ, ಬೆರಳು ಉಜ್ಜಿ, ಮೂಸಿ,
"ಇದು ಇದ್ದಿಲಲ್ಲಪ್ಪಾ, ಇದ್ದಿಲಿನ ತೌಡು" ಅಂದ.
ಕಡಲಗಾಳಿಯ ಪಸೆ ಬೇರೆ ಕುಡಿದಿದೆ.
ತನ್ನ ಗೋಣಿ ಬಿಚ್ಚಿ ಎರಡು ತುಂಡು ತಾಗಿಸಿದ:
ಠಣ್! ಗಾಜಿನ ಸದ್ದು.
ಸಮರ್ ಮರದ್ದಂತೆ.
ತಿರುಗಿಸಿ ನೋಡಿದೆ, ಸುಟ್ಟರೂ ಮಾಯದ ಮುಳ್ಳಿನ ಗುರುತು.
ಅರೆ, ಇದು ನಮ್ಮ ಲಿಂಗಸುಗೂರು ಹಾದಿಯ
ಜಾಲಿಯ ದಾಯಾದಿ!

"ದಪ್ಪದ್ದು ಕೆಳಗೆ, ಸಣ್ಣದು ಮೇಲೆ.
ನಡುವೆ ಗಾಳಿ ನಡೆಯಲಿ.
ಬೂದಿ ತೆಗೆದಿದ್ದೀಯಾ?"

ಬೂದಿ?

ಅಂದು ರಾತ್ರಿ ಬಾಯಲ್ಲಿ ಟಾರ್ಚು ಕಚ್ಚಿ
ಒಲೆಯೊಳಗೆ ತಲೆ ತೂರಿಸಿದೆ.
ಜಾಲರಿಯಲ್ಲಿ ಇಪ್ಪತ್ತೆರಡು ತೂತು.
ಹತ್ತೊಂಬತ್ತರಲ್ಲಿ ಡಚ್ಚನವನ ಬೂದಿ,
ಅವನು ಸುಟ್ಟ ಕೋಳಿಗಳ ಕೊಬ್ಬು ಕುಡಿದು ಕಲ್ಲಾಗಿ.
ಬೂದಿ ಮುಚ್ಚಿದ ಕೆಂಡ ಅಂತೇವಲ್ಲ,
ಮೇಲಿನದನ್ನೇನೋ ಉಫ್ ಎಂದು ಊದಬಹುದು.
ಇದು ಬುಡದಲ್ಲಿತ್ತು.
ಮೂರೇ ತೂತಿನಲ್ಲಿ ಉಸಿರಾಡುತ್ತಿದ್ದ ಜೀವಕ್ಕೆ
ನಾನು ಸಾಲದೆಂದು ತುತ್ತು ತುರುಕುತ್ತಿದ್ದೆ.

ತನ್ಮಯಿಯ ಹಳೆ ಸೈಕಲ್ಲಿನ ಕಡ್ಡಿಯಿಂದ
ಒಂದೊಂದೇ ತೂತು ಬಿಡಿಸಿದೆ, ಹನ್ನೊಂದು ಗಂಟೆಯವರೆಗೆ.

ಮರುದಿನ ಶುಕ್ರವಾರ. ಬುಡದ ಬಾಗಿಲನ್ನು ಕಡಲಿಗೆ ತಿರುಗಿಸಿ,
ಪೂರಾ ತೆರೆದು, ಪಕ್ಕಕ್ಕೆ ಸರಿದು ನಿಂತೆ.
ಇನ್ನೂರು. ಇನ್ನೂರ ನಲವತ್ತು.
ಒಳಗೆಲ್ಲೋ ಲಾರಿಯೊಂದು ದಿಬ್ಬ ಏರುವ ಗುರುಗುರು.
ಮುನ್ನೂರ ಹತ್ತು.
ಮಹಾನಂದಾ ಲಟ್ಟಣಿಗೆ ಹಿಡಿದೇ ಬಂದು ಬಗ್ಗಿ ನೋಡಿದಳು.
ಮುನ್ನೂರ ಎಪ್ಪತ್ತು.

ಆಗ ನಾನು, ಹದಿನಾಲ್ಕು ವರ್ಷದ ಅನುಭವಿ,
ಮುಚ್ಚಳವನ್ನು ಒಮ್ಮೆಗೇ ಎತ್ತಿಬಿಟ್ಟೆ.
ಮೊದಲು ಬೆರಳಷ್ಟು ಸಂದು ಬಿಟ್ಟು ಉಸಿರು ಕೊಡಬೇಕಿತ್ತು.
ಬುಸ್ಸೆಂದ ನಾಲಗೆಯೊಂದು ಮುಖ ನೆಕ್ಕಿ ಒಳಹೋಯಿತು.
ಕೂದಲು ಸುಟ್ಟ ವಾಸನೆ.
"ಅಪ್ಪನ ಹುಬ್ಬು!"
ಗಾಬರಿಯಿಂದ ಸೆರಗು ಒದ್ದೆ ಮಾಡಿಕೊಂಡು ಬಂದವಳು
ಮುಖ ಒರೆಸುತ್ತ ಒರೆಸುತ್ತ
ಕಟ್ಟೆಗೊರಗಿ ನಕ್ಕಳು, ರಿಯಾಲಿನ ಲೆಕ್ಕ ಚುಕ್ತಾ ಆಗುವಷ್ಟು.

ನಾಲ್ಕೇ ನಿಮಿಷ. ಚುಕ್ಕೆ ಬಿದ್ದವು.
ತನ್ಮಯಿ ಎಣಿಸಿ ಮೂವತ್ತೊಂದು ಅಂದಳು,
ಎಣಿಸಿದ್ದನ್ನೆಲ್ಲ ತಿಂದಳು.

ಭಾನುವಾರ ಗೇಟಿನಲ್ಲಿ ಸುರಕ್ಷಾ ಅಧಿಕಾರಿ ಹಿಲಾಲ್
ನನ್ನ ಮುಖ ನೋಡಿದವನೇ ಅಪಘಾತದ ಫಾರ್ಮು ತೆಗೆದ.
"ಎಷ್ಟನೇ ಕುಲುಮೆ?"
ಕುಲುಮೆಯಲ್ಲ, ಮನೆಯ ತಾರಸಿ.
"ಉಷ್ಣಾಂಶ?"
ಒಂಬೈನೂರ ಅರವತ್ತಕ್ಕೆ ಎಂದೂ ಬಾರದ ಬಿಗುಮಾನ
ಗಂಟಲಿಗೆ ಬಂತು: "ಮುನ್ನೂರ ಎಪ್ಪತ್ತು."

ಹಿಲಾಲ್ ಅತ್ತಿತ್ತ ನೋಡಿ, ಪೆನ್ನಿನ ಮುಚ್ಚಳ ಹಾಕಿ,
ದನಿ ತಗ್ಗಿಸಿ ಕೇಳಿದ:
"ಬುಡದ ಬಾಗಿಲು ಯಾವ ಕಡೆಗಿಟ್ಟಿದ್ದೆ?"